ರಬ್ಬರ್ ಹಾಲಿಗೂ ಬೆಣ್ಣೆಹಣ್ಣಿಗೂ ಇರುವ ನಂಟು

ಪುತ್ತೂರು, ಸುಳ್ಯ, ಕಡಬದ ಕಡೆ ಅಲರ್ಜಿಯ ಮಾತೆತ್ತಿದರೆ ತಪ್ಪದೆ ಬರುವ ಪ್ರಶ್ನೆ: “ಜೀವಮಾನದಲ್ಲಿ ಮೊದಲ ಸಲ ತಿಂದ ಹಣ್ಣು, ಅದು ಆಗಿಬರುವುದಿಲ್ಲ ಅಂತ ದೇಹಕ್ಕೆ ಮೊದಲೇ ಹೇಗೆ ಗೊತ್ತು?” ಅಡಿಕೆ ತೋಟದ ಬದಿಯಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣು ಬೆಳೆಯುತ್ತಿರುವ ಈ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಅಲರ್ಜಿ ಎಂದರೆ ನಿರಪಾಯಕಾರಿ ಪ್ರೋಟೀನನ್ನು ದೇಹ ವೈರಿಯೆಂದು ಬಗೆಯುವುದು. ಆಗ ಹುಟ್ಟುವ ‘ಐಜಿಇ’ ಪ್ರತಿಕಾಯಗಳು ಮಾಸ್ಟ್ ಕೋಶಗಳ ಮೇಲೆ ಅಂಟಿ ಕಾಯುತ್ತವೆ. ಪ್ರೋಟೀನ್ ಮತ್ತೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಯುತ್ತವೆ. ಉಸಿರಾಟ, ರಕ್ತದೊತ್ತಡಗಳಿಗೆ ಕುತ್ತು ಬಂದರೆ ಅದು ಅನಾಫಿಲ್ಯಾಕ್ಸಿಸ್. ಗೇರು ಸಿಪ್ಪೆಯ ಎಣ್ಣೆಯೋ ಮಾವಿನ ಸೊನೆಯೋ ತಾಗಿ ಒಂದೆರಡು ದಿನದ ಮೇಲೆ ಏಳುವ ಬೊಬ್ಬೆಯ ದಾರಿಯೇ ಬೇರೆ. ಅದರಲ್ಲಿ ಐಜಿಇಯ ಪಾತ್ರವಿಲ್ಲ, ಟಿ-ಕೋಶಗಳದ್ದೇ ಕೆಲಸ.

1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ನಾಯಿಗಳಿಗೆ ಸಮುದ್ರಜೀವಿಯ ವಿಷ ಚುಚ್ಚಿದರು. ಮೊದಲ ಸಲ ಬದುಕುಳಿದ ನಾಯಿ ಕೆಲವು ವಾರಗಳ ಬಳಿಕ ಅತಿ ಸಣ್ಣ ಪ್ರಮಾಣಕ್ಕೇ ಸತ್ತುಹೋಯಿತು. ಹಾಗಾಗಿ ಹಿಂದಿನ ಭೇಟಿ ಇರಲೇಬೇಕು ಎಂಬ ಜನರ ತರ್ಕ ಸರಿಯೇ. ಆದರೆ ಆ ಭೇಟಿ ಬಾಯಿಯ ಮೂಲಕವೇ, ಅದೇ ಹಣ್ಣಿನಿಂದಲೇ ಆಗಿರಬೇಕೆಂದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಸುಳ್ಯದ ಸುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಗೆರಟೆಗೆ ಇಳಿಯುವ ಆ ಹಾಲಿನಲ್ಲಿ ಹೆವೀನ್ ಎಂಬ ಪುಟ್ಟ ಪ್ರೋಟೀನ್ ಇದೆ, ಕೇವಲ 43 ಅಮೈನೋ ಆಮ್ಲಗಳದ್ದು. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟಿಕೊಂಡು ಅದು ಗಿಡವನ್ನು ಕಾಯುತ್ತದೆ. ಬಾಳೆ, ಬೆಣ್ಣೆಹಣ್ಣುಗಳಿಗೂ ಶಿಲೀಂಧ್ರದ ಕಾಟ ಇದ್ದದ್ದೇ. ಅವುಗಳಲ್ಲಿರುವ ಕೈಟಿನೇಸ್ ಎಂಬ ರಕ್ಷಕ ಪ್ರೋಟೀನಿನ ಒಂದು ತುದಿ ಹೆವೀನನ್ನೇ ಹೋಲುತ್ತದೆ. ಜಾತ್ರೆಯಲ್ಲಿ ಹುಡುಗನ ಮೂಗು ನೋಡಿಯೇ ಇಂಥ ಮನೆಯವನೆಂದು ಹೇಳುವ ಅಜ್ಜಿಯ ಹಾಗೆ, ಪ್ರತಿಕಾಯವೂ ಆ ತುದಿಯ ಆಕಾರವನ್ನಷ್ಟೇ ಗುರುತು ಹಿಡಿಯುತ್ತದೆ. ರಬ್ಬರ್ ಕೈಗವಸು ಹಾಕಿ ಹಾಕಿ ಅಲರ್ಜಿ ಅಂಟಿಸಿಕೊಂಡ ದಾದಿಗೆ ಮೊದಲ ತುತ್ತು ಬೆಣ್ಣೆಹಣ್ಣೇ ಅಪಾಯ ತರಬಹುದು. 1994ರಿಂದ ಇದಕ್ಕೆ ‘ಲೇಟೆಕ್ಸ್-ಹಣ್ಣು ಸಿಂಡ್ರೋಮ್’ ಎಂಬ ಹೆಸರಿದೆ. ಕಿವಿ ಹಣ್ಣು, ಪಪ್ಪಾಯಿ, ಪ್ಯಾಶನ್ ಫ್ರೂಟ್ ಕೂಡ ಈ ಪಟ್ಟಿಯಲ್ಲಿವೆ. ಎಷ್ಟು ಸಲ ವಿವರಿಸಿದರೂ ನನಗೆ ಈ ನಂಟಿನ ಬೆರಗು ತೀರುವುದಿಲ್ಲ!

ನಮ್ಮ ಹಲಸಿನ ಕಥೆ ಇನ್ನೂ ಸೊಗಸು. ಯುರೋಪಿನಲ್ಲಿ ಅದೇ ಅಪರೂಪದ ಹಣ್ಣು. ಅಲ್ಲಿನ ಬರ್ಚ್ ಮರದ ಪರಾಗಕ್ಕೆ ಅಲರ್ಜಿ ಇರುವ ಕೆಲವರಿಗೆ ಹಲಸು ತಿಂದೊಡನೆ ಬಾಯಿ ತುರಿಸಿ, ತುಟಿ ಊದಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಬರ್ಚ್ ಬೆಳೆಯದ ನಮ್ಮೂರಲ್ಲಿ ಆ ದಾರಿಯೇ ಇಲ್ಲ.

ಇನ್ನು, ಎಲ್ಲ ತೊಂದರೆಯೂ ಅಲರ್ಜಿಯಲ್ಲ. ಮೂತ್ರಪಿಂಡದ ರೋಗಿಗೆ ದಾರೆಹುಳಿ ತಿಂದು ನಿಲ್ಲದ ಬಿಕ್ಕಳಿಕೆ, ಗೊಂದಲ ಶುರುವಾದರೆ ಅದು ನಂಜು. ಅವರು ಆ ಹಣ್ಣನ್ನು ಮುಟ್ಟಲೇಬಾರದು.

ಹಣ್ಣು ತಿಂದ ನಿಮಿಷಗಳಲ್ಲಿ ಮೈಮೇಲೆ ದಡಿಕೆ ಎದ್ದು, ಜೊತೆಗೆ ಸ್ವರ ಗೊಗ್ಗರಾದರೆ, ಉಬ್ಬಸ ಬಂದರೆ, ತಲೆ ತಿರುಗಿದರೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಎದ್ದು ನಡೆಯಲು ಬಿಡಬೇಡಿ. ಉಸಿರು ಕಷ್ಟವಾದರೆ ಕೂರಿಸಬಹುದು. ಜೀವ ಉಳಿಸುವ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಕಟ್ಟಿದ ಗಂಟಲನ್ನು ಬಿಡಿಸುವುದಿಲ್ಲ. ಸುಧಾರಿಸಿದ ಮೇಲೂ ಗಂಟೆಗಳ ಬಳಿಕ ಮರುಕಳಿಸಬಹುದು, ಆದ್ದರಿಂದ ಆಸ್ಪತ್ರೆಯಲ್ಲೇ ಉಳಿಯಬೇಕು.

ರಬ್ಬರ್, ಗೇರು, ಹೊಸ ಹಣ್ಣು ಮೂರೂ ಒಟ್ಟಿಗೆ ಬೆಳೆಯುವ ಇಂಥ ನೆಲ ಸಂಶೋಧಕರಿಗೆ ಸುಲಭಕ್ಕೆ ಸಿಗುವುದಿಲ್ಲ. ಸುಳ್ಯದಲ್ಲೇ ವೈದ್ಯಕೀಯ ಕಾಲೇಜಿದೆ. ಟ್ಯಾಪಿಂಗ್ ಮಾಡುವವರನ್ನೂ ದಾದಿಯರನ್ನೂ ವಿದ್ಯಾರ್ಥಿಗಳು ಎರಡು ಪ್ರಶ್ನೆ ಕೇಳಿ ಬರೆದಿಡಲಿ: ಕೈಗವಸು, ಬಲೂನು ತಾಗಿ ತುರಿಸಿದ್ದುಂಟೋ? ಯಾವ ಹಣ್ಣು ತಿಂದರೆ ಬಾಯಿ ತುರಿಸುತ್ತದೆ?