ಕಣ್ಣಿಗೆ ಕಟ್ಟಿದ ದಿನ, ಕಟ್ಟಿಕೊಂಡ ನೆನಪು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಾಗಲಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಗಾಡಿಗಳ ಹತ್ತಿರವಾಗಲಿ, ಐವತ್ತು ದಾಟಿದವರ ಮುಂದೆ ಇಂದಿರಾ ಗಾಂಧಿ ಹತ್ಯೆಯಾದ ದಿನದ ಮಾತು ತೆಗೆದರೆ ಬರುವ ಉತ್ತರ ಒಂದೇ: ‘ಇವತ್ತಿಗೂ ಕಣ್ಣಿಗೆ ಕಟ್ಟಿದಂಗ ಅದ.’ ಎಲ್ಲಿ ನಿಂತಿದ್ದೆ, ಯಾರು ಓಡಿಬಂದು ಹೇಳಿದರು, ಅಂಗಡಿಗಳ ಶಟರು ಹೇಗೆ ಒಂದರ ಹಿಂದೊಂದು ಬಿದ್ದವು, ಎಲ್ಲ ಬರುತ್ತದೆ. ಮೊನ್ನೆ ಏನು ಉಂಡೆವೆಂಬುದು ನೆನಪಾಗದವರಿಗೂ ಆ ದಿನದ ಅಂಗಿಯ ಬಣ್ಣ ನೆನಪಿರುತ್ತದೆ. ದೊಡ್ಡ ಆಘಾತವಾದಾಗ ಮನಸ್ಸು ಫೋಟೊ ಹೊಡೆದು ಇಟ್ಟುಕೊಳ್ಳುತ್ತದೆ, ಆ ಫೋಟೊ ಮಾಸುವುದಿಲ್ಲ ಎಂಬ ನಂಬಿಕೆ ಬೆಳೆದಿರುವುದು ಹೀಗೆ. ಇದು ಬರೀ ಕಟ್ಟೆಯ ಮೇಲಿನ ಮಾತೂ ಅಲ್ಲ. 1977ರಲ್ಲಿ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಕೆನಡಿ ಹತ್ಯೆಯ ಸುದ್ದಿ ಕೇಳಿದ ಗಳಿಗೆಯನ್ನು ಜನ ನೆನೆಯುವ ಬಗೆ ನೋಡಿ, ಇದಕ್ಕೆ ‘ಫ್ಲ್ಯಾಷ್‌ಬಲ್ಬ್ ನೆನಪು’ ಎಂದು ಹೆಸರಿಟ್ಟರು. ಆದರೆ ಅವರ ಕೈಯಲ್ಲಿದ್ದದ್ದು ಜನ ವರ್ಷಗಳ ನಂತರ ಹೇಳಿದ ಮಾತು ಮಾತ್ರ. ಆ ದಿನ ನಿಜವಾಗಿ ಏನಾಗಿತ್ತೆಂದು ತಾಳೆ ನೋಡಲು ದಾಖಲೆ ಇರಲಿಲ್ಲ.

ತಾಳೆ ನೋಡಲು ನಮ್ಮಲ್ಲೊಂದು ಒಳ್ಳೆಯ ದಾರಿ ಇದೆ, ಟಿವಿ. ಈ ವಿಷಯದಲ್ಲಿ ಕಲಬುರಗಿಯವರು ಬೀಗಬಹುದು. 1975-76ರ ಉಪಗ್ರಹ ಟಿವಿ ಪ್ರಯೋಗ ಈ ಸೀಮೆಯ ಹಳ್ಳಿಗಳಲ್ಲೂ ನಡೆದಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ಇಲ್ಲಿಗೆ 1977ರಲ್ಲೇ. ಹಾಗಾಗಿ ‘ಇಂದಿರಮ್ಮನ ಸುದ್ದಿ ಮುಂಜಾನೆ ಟಿವಿದಾಗ ನೋಡಿದ್ವಿ’ ಎಂದು ಯಾರಾದರೂ ಅಂದರೆ ಕೇಳಿದವರಿಗೆ ಅನುಮಾನ ಬರುವುದಿಲ್ಲ. ಅನುಮಾನ ಬರಬೇಕು. 1984ರ ಅಕ್ಟೋಬರ್ 31ರಂದು ದಿಲ್ಲಿಯಲ್ಲಿ ಗುಂಡು ಹಾರಿದ್ದು ಬೆಳಿಗ್ಗೆ ಒಂಬತ್ತೂ ಕಾಲರ ಆಸುಪಾಸಿಗೆ. ಆಗ ದೂರದರ್ಶನಕ್ಕೆ ಬೆಳಗಿನ ಪ್ರಸಾರವೇ ಇರಲಿಲ್ಲ, ಅದು ಶುರುವಾದದ್ದು 1987ರಲ್ಲಿ. ಬಿಬಿಸಿ ಕೇಳುವವರಿಗೆ ಸಾವಿನ ಸುದ್ದಿ ಮೊದಲೇ ಸಿಕ್ಕಿತ್ತು, ಬಾಯಿಂದ ಬಾಯಿಗೂ ಹರಡಿತ್ತು. ಆಕಾಶವಾಣಿ ಅದನ್ನು ಅಧಿಕೃತವಾಗಿ ಹೇಳಿದ್ದು ಸಂಜೆಗೆ. ಹಾಗಾದರೆ ಹಗಲುಹೊತ್ತಿನ ಆ ಟಿವಿ ಚಿತ್ರ ಎಲ್ಲಿಂದ ಬಂತು? ಬಹುಶಃ ನವೆಂಬರ್ 3ರಿಂದ. ಆ ಶನಿವಾರ ಅಂತ್ಯಕ್ರಿಯೆಯನ್ನು ಹಗಲಲ್ಲೇ ನೇರವಾಗಿ ತೋರಿಸಿದರು, ಟಿವಿ ಇದ್ದ ಮನೆಯಲ್ಲಿ ಓಣಿಯೆಲ್ಲ ಕೂತು ನೋಡಿತು. ಮೂರು ದಿನದ ನಂತರದ ಚಿತ್ರ ಮೂರು ದಿನ ಹಿಂದಕ್ಕೆ ಸರಿದು ಕೂತರೆ, ನೆನೆಯುವವರಿಗೆ ಅದರ ಹೊಲಿಗೆ ಕಾಣುವುದಿಲ್ಲ.

ಇಂಥ ಹೊಲಿಗೆಯನ್ನು ಕೈಯಲ್ಲೇ ಹಿಡಿದವರು ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮಾರನೆಯ ಬೆಳಿಗ್ಗೆಯೇ, ಸುದ್ದಿ ಎಲ್ಲಿ, ಹೇಗೆ ತಿಳಿಯಿತೆಂದು ಅವರು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಹಾಕಿದರು. ಹನ್ನೊಂದು ಮಂದಿಯ ಎರಡನೆಯ ಉತ್ತರಕ್ಕೂ ಮೊದಲನೆಯದಕ್ಕೂ ಮುಖ್ಯ ವಿವರಗಳಲ್ಲಿ ಒಂದೂ ತಾಳೆಯಾಗಲಿಲ್ಲ. ತರಗತಿಯಲ್ಲಿ ಕೇಳಿದೆ ಎಂದು ಬರೆದಿದ್ದ ವಿದ್ಯಾರ್ಥಿನಿ ಈಗ, ಗೆಳತಿಯ ಜೊತೆ ಕೋಣೆಯಲ್ಲಿ ಟಿವಿಯಲ್ಲಿ ನೋಡಿದೆ ಎಂದಳು. (ಅಲ್ಲೂ ಟಿವಿಯೇ ನೋಡಿ.) ಹಳೆಯ ಕಾಗದ ಮುಂದಿಟ್ಟರೂ ವಿದ್ಯಾರ್ಥಿಗಳಿಗೆ ಮೊದಲಿನದು ನೆನಪಾಗಲಿಲ್ಲ, ಅಕ್ಷರ ತಮ್ಮದೇ ಆದರೂ ಈಗಿನ ನೆನಪೇ ಸರಿ ಎಂದು ವಾದಿಸಿದವರಿದ್ದರು. ಇನ್ನೊಂದು ಅಧ್ಯಯನ ಇನ್ನೂ ಚುರುಕಾಗಿದೆ. 2001ರ ಸೆಪ್ಟೆಂಬರ್ 12ರಂದು ಜೆನಿಫರ್ ತಲಾರಿಕೊ ಮತ್ತು ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ಎರಡು ನೆನಪು ಬರೆಸಿಕೊಂಡರು, ಒಂದು ಹಿಂದಿನ ದಿನ ಅಮೆರಿಕದ ಮೇಲೆ ನಡೆದ ದಾಳಿಯ ಸುದ್ದಿ ಕೇಳಿದ್ದು, ಇನ್ನೊಂದು ಆ ದಿನಗಳ ಒಂದು ಸಾದಾ ಘಟನೆ. ತಿಂಗಳುಗಳು ಕಳೆದಂತೆ ಎರಡೂ ಸಮಸಮನಾಗಿ ಕೆಟ್ಟವು. ವ್ಯತ್ಯಾಸವಾದದ್ದು ನಂಬಿಕೆಯಲ್ಲಿ. ಸಾದಾ ಘಟನೆಯ ಬಗ್ಗೆ ಭರವಸೆ ಕುಗ್ಗಿತು, ದಾಳಿಯ ಬಗ್ಗೆ ಕುಗ್ಗಲಿಲ್ಲ. ಅಂದರೆ ಆಘಾತ ಗಟ್ಟಿ ಮಾಡುವುದು ‘ಖರೇ ಅದ’ ಎಂಬ ಭಾವನೆಯನ್ನು. ವಿವರಗಳು ಎಂದಿನಂತೆ ಸೋರುತ್ತಲೇ ಇರುತ್ತವೆ.

ಇದಕ್ಕೆ ಬರುವ ಮೊದಲ ತಕರಾರು: ಒಬ್ಬರಲ್ಲ, ಓಣಿಯ ಹತ್ತು ಮಂದಿ ಒಂದೇ ರೀತಿ ಹೇಳುತ್ತಾರಲ್ಲ? ಹತ್ತು ಮಂದಿ ಬೇರೆಬೇರೆಯಾಗಿ ಕೂತು ಹೇಳಿದರೆ ಅದಕ್ಕೆ ತೂಕವಿದೆ. ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಪರಸ್ಪರ ಹೇಳಿ, ತಿದ್ದಿ, ತುಂಬಿಸಿದ ಕಥೆ ಹತ್ತು ಬಾಯಲ್ಲಿ ಬಂದರೂ ಸಾಕ್ಷಿ ಒಂದೇ. ಹೇಳಿದಷ್ಟೂ ಕಥೆ ನುಣುಪಾಗುತ್ತದೆ, ನುಣುಪಾದಷ್ಟೂ ನಂಬಲು ಹಗುರ. ರಾಜೀವ್ ಗಾಂಧಿ ಹತ್ಯೆಯಾದಾಗ ಶಾಲೆ ಬಿಟ್ಟು ಮನೆಗೆ ಕಳಿಸಿದರು ಎಂಬ ನೆನಪಿದ್ದರೆ ಕ್ಯಾಲೆಂಡರ್ ತೆಗೆಯಬೇಕು. ಅದು 1991ರ ಮೇ 21, ರಾತ್ರಿ ಹತ್ತು ದಾಟಿದ ಹೊತ್ತು. ಕಲಬುರಗಿಯ ಬಿಸಿಲಲ್ಲಿ ಮೇ ತಿಂಗಳು ಶಾಲೆಗೆ ಬೇಸಿಗೆ ರಜೆ. ಮಕ್ಕಳನ್ನು ನಿಜವಾಗಿ ಮನೆಗೆ ಕಳಿಸಿದ್ದಿದ್ದರೆ ಅದು ಸುಮಾರು ಆರೂವರೆ ವರ್ಷ ಹಿಂದಿನ ಬುಧವಾರ ಇರಬೇಕು. ತಾಯಿಯ ದಿನದ ನೆನಪು ಮಗನ ದಿನಕ್ಕೆ ಹೋಗಿ ಸೇರಿದೆ.

ಎರಡನೆಯ ತಕರಾರು ಗಟ್ಟಿಯಾದದ್ದು, ಅದನ್ನು ಅರ್ಧ ಒಪ್ಪಲೇಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತಿರ 10 ಸಾವಿರ ಜನ ಸತ್ತರು. ಆ ನಡುಕ ಈ ಕಡೆಯ ಮನೆಗಳಿಗೂ ತಾಗಿತು. ಮಕ್ಕಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದವರ ನೆನಪನ್ನೂ ಹೀಗೇ ತಳ್ಳಿಹಾಕಬೇಕೆ? ಬೇಡ. 1989ರ ಕ್ಯಾಲಿಫೋರ್ನಿಯಾ ಭೂಕಂಪದ ನಂತರ ನೈಸರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ನಡುಕ ಅನುಭವಿಸಿದವರು ಸುಮಾರು ಒಂದೂವರೆ ವರ್ಷದ ನಂತರವೂ ತಾವು ಎಲ್ಲಿದ್ದೆವೆಂಬುದನ್ನು ಬಹುತೇಕ ತಪ್ಪಿಲ್ಲದೆ ಹೇಳಿದರು. ದೂರದ ಅಟ್ಲಾಂಟಾದಲ್ಲಿ ಸುದ್ದಿ ಮಾತ್ರ ಕೇಳಿದವರು ಬಹಳಷ್ಟು ತಪ್ಪಿದರು. ಮೈಗೆ ತಾಗಿದ್ದು ಬೇರೆ, ಕಿವಿಗೆ ಬಿದ್ದದ್ದು ಬೇರೆ. ದಿಲ್ಲಿಯ ಹತ್ಯೆ ಕಲಬುರಗಿಗೆ ಬರೀ ಸುದ್ದಿ, ಕಿಲ್ಲಾರಿ ಹಾಗಲ್ಲ. ಆದರೂ ಮೈಯ ನೆನಪಿಗೂ ಕಲಬೆರಕೆ ತಪ್ಪಿದ್ದಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತ ಭೂಮಿ ಪದೇಪದೇ ಕಂಪಿಸಿತು, ಜನ ಹೊರಗೆ ಮಲಗಿದರು. ಎರಡೂ ಸಲದ ನಡುಕ ಕಂಡವರಲ್ಲಿ ಪಾತ್ರೆ ಉರುಳಿದ್ದು ಯಾವ ಸಲ ಎಂಬುದು ಅದಲುಬದಲಾದರೆ ಅಚ್ಚರಿಯಿಲ್ಲ.

ಹಿರಿಯರು ಸುಳ್ಳು ಹೇಳುತ್ತಾರೆಂದು ಇದರ ಅರ್ಥವಲ್ಲ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳೆಂದು ಗೊತ್ತಿರುತ್ತದೆ. ಅವರನ್ನು ಕೇಳುವ ಪ್ರಶ್ನೆ ಮಾತ್ರ ಬದಲಾಗಬೇಕು. ‘ಚಲೋ ನೆನಪದ ಏನು?’ ಎಂದರೆ ‘ಹೌದು’ ಎಂದೇ ಬರುತ್ತದೆ. ಬದಲಿಗೆ, ಅವತ್ತು ಹೊಲದಾಗ ಏನಿತ್ತು ಎಂದು ಕೇಳಿ. ತೊಗರಿ ಹೂ ಬಿಟ್ಟಿತ್ತು, ಬಿಳಿಜೋಳ ಬಿತ್ತಿ ಮುಗಿದಿತ್ತು, ದೀಪಾವಳಿ ಆಗಿ ವಾರವಾಗಿತ್ತು, ಮರುದಿನ ರಾಜ್ಯೋತ್ಸವವಿತ್ತು ಎಂದರೆ ಅದು ಅಕ್ಟೋಬರ್ 31ಕ್ಕೆ ಹೊಂದುತ್ತದೆ. ಕಣದಾಗ ತೊಗರಿ ರಾಶಿ ನಡೆದಿತ್ತು ಎಂದರೆ ಅದು ಡಿಸೆಂಬರ್ ಇಲ್ಲವೇ ಜನವರಿ, ಬೇರೆ ಯಾವುದೋ ದಿನ.