ಹೊರಳಿ ಮರಳಿದ ಮುಳ್ಳು

1820ರಲ್ಲಿ ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ಒಂದು ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಬಳಿಯಲ್ಲಿದ್ದ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ತಿರುಗಿತು. ವಿದ್ಯುತ್ ಹರಿದಲ್ಲಿ ಕಾಂತಶಕ್ತಿ ಹುಟ್ಟುತ್ತದೆಂದು ತಿಳಿದ ಕೂಡಲೇ ಎದುರುಪ್ರಶ್ನೆಯೊಂದು ಎದ್ದಿತು: ಹಾಗಾದರೆ ಆಯಸ್ಕಾಂತದಿಂದ ವಿದ್ಯುತ್ತನ್ನು ಪಡೆಯಬಹುದೇ? ಉತ್ತರ ಸಿಕ್ಕಿದ್ದು 11 ವರ್ಷಗಳ ನಂತರ. ಬೇಕಾದ ತಂತಿ, ಬ್ಯಾಟರಿ, ಆಯಸ್ಕಾಂತಗಳೆಲ್ಲ ಮೊದಲೇ ಇದ್ದವು. ಇಷ್ಟು ತಡವಾದದ್ದೇಕೆ ಎಂಬುದರಲ್ಲೇ ಈ ಕತೆಯ ತಿರುಳಿದೆ.

ವಿದ್ಯುತ್ ಹರಿಯುವಷ್ಟು ಹೊತ್ತೂ ದಿಕ್ಸೂಚಿ ತಿರುಗಿಯೇ ಇರುತ್ತದೆ. ಅದೇ ರೀತಿ ತಂತಿಯ ಪಕ್ಕದಲ್ಲಿ ಆಯಸ್ಕಾಂತ ಇರುವಷ್ಟು ಹೊತ್ತೂ ವಿದ್ಯುತ್ ಹರಿಯಬೇಕೆಂದು ಹುಡುಕುವವರೆಲ್ಲ ಎಣಿಸಿದ್ದರು. 1825ರಲ್ಲಿ ಜಿನೀವಾದ ಡೇನಿಯಲ್ ಕೊಲಾಡನ್ ಬಲವಾದ ಆಯಸ್ಕಾಂತವೊಂದನ್ನು ತಂತಿಯ ಸುರುಳಿಯ ಹತ್ತಿರಕ್ಕೆ ತಂದ. ಅದರ ಸೆಳೆತ ನೇರವಾಗಿ ತಟ್ಟಬಾರದೆಂದು ವಿದ್ಯುತ್ ಅಳೆಯುವ ಗ್ಯಾಲ್ವನೋಮೀಟರನ್ನು ಬೇರೆ ಕೋಣೆಯಲ್ಲಿಟ್ಟು ಉದ್ದನೆಯ ತಂತಿಯಿಂದ ಜೋಡಿಸಿದ್ದ. ಅಲ್ಲಿಗೆ ನಡೆದು ಹೋಗಿ ನೋಡುವಷ್ಟರಲ್ಲಿ ಮುಳ್ಳು ಸುಮ್ಮನೆ ನಿಂತಿತ್ತು. ಅವನ ಸಲಕರಣೆಯಲ್ಲಿ ಕೊರತೆಯಿರಲಿಲ್ಲ, ಎಚ್ಚರಿಕೆಯಲ್ಲೂ ಇರಲಿಲ್ಲ. ಹುಡುಕುತ್ತಿದ್ದದ್ದು ಅವನು ದಾರಿಯಲ್ಲಿದ್ದಾಗಲೇ ಬಂದು ಹೋಗಿತ್ತು.

ಅದೇ ವರ್ಷ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆಯೂ ಪ್ರಯತ್ನಿಸಿ ಸೋತಿದ್ದ. ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡವನು. 1813ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯ ಸಹಾಯಕನಾಗಿ ಆ ಸಂಸ್ಥೆಗೆ ಸೇರಿದ. ಗಣಿತ ಅವನಿಗೆ ಒಲಿಯಲಿಲ್ಲ. ಕೈಯಿಂದ ಮಾಡಿ, ಕಣ್ಣಿಂದ ಕಂಡು, ದಿನಚರಿಯಲ್ಲಿ ಬರೆದಿಡುವುದೇ ಅವನ ಕ್ರಮ.

1831ರ ಆಗಸ್ಟ್ 29ರಂದು ಅವನ ಮುಂದೆ ಆರು ಅಂಗುಲ ಅಗಲದ ಮೆದುಕಬ್ಬಿಣದ ಬಳೆಯೊಂದಿತ್ತು. ಅದರ ಒಂದು ಪಕ್ಕಕ್ಕೆ ಒಂದು ತಾಮ್ರದ ಸುರುಳಿ, ಇನ್ನೊಂದು ಪಕ್ಕಕ್ಕೆ ಮತ್ತೊಂದು. ಸುತ್ತಿಗೆ ಸುತ್ತು ತಾಗದಂತೆ ನಡುವೆ ದಾರ, ಪದರಗಳ ನಡುವೆ ಹತ್ತಿಬಟ್ಟೆ. ಎರಡು ಸುರುಳಿಗಳೂ ಎಲ್ಲಿಯೂ ಕೂಡುತ್ತಿರಲಿಲ್ಲ. ಮೊದಲನೆಯದನ್ನು ಬ್ಯಾಟರಿಗೆ ಜೋಡಿಸುವ ಏರ್ಪಾಡು. ಎರಡನೆಯದರ ತುದಿಗಳನ್ನು ಸೇರಿಸಿದ ತಂತಿ ಮೂರಡಿ ದೂರದ ಕಾಂತಮುಳ್ಳಿನ ಮೇಲೆ ಹಾದುಹೋಗಿತ್ತು.

ಬ್ಯಾಟರಿ ಜೋಡಿಸಿದ. ಮುಳ್ಳು ಹೊರಳಿ, ಓಲಾಡಿ, ತನ್ನ ಜಾಗಕ್ಕೇ ಮರಳಿತು. ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತಲೇ ಇದ್ದರೂ ಮುಳ್ಳು ಅಲುಗಲಿಲ್ಲ. ಬ್ಯಾಟರಿ ಕಿತ್ತಾಗ ಮತ್ತೊಮ್ಮೆ ಹೊರಳಿತು. ಬೇಕಾಗಿದ್ದದ್ದು ನಿಲ್ಲದೆ ಹರಿಯುವ ವಿದ್ಯುತ್ತು. ಸಿಕ್ಕಿದ್ದು ಕ್ಷಣದ ಮಿಡಿತ. ಅದನ್ನು ಸೋಲೆಂದು ಬದಿಗಿಡದೆ, ಅದರಲ್ಲೇ ಉತ್ತರವಿರಬಹುದೆಂದು ಬೆನ್ನುಹತ್ತಿದ್ದು ಫ್ಯಾರಡೆಯ ಹಿರಿಮೆ. ಆದರೂ ಅವನು ಆತುರಪಡಲಿಲ್ಲ. ಗಾಳಕ್ಕೆ ಸಿಕ್ಕಿದ್ದು ಮೀನೋ ನೀರಿನ ಕಳೆಯೋ ಹೇಳಲಾರೆ ಎಂಬರ್ಥದಲ್ಲಿ ಸೆಪ್ಟೆಂಬರಿನಲ್ಲಿ ಗೆಳೆಯ ರಿಚರ್ಡ್ ಫಿಲಿಪ್ಸ್‌ಗೆ ಕಾಗದ ಬರೆದ.

ಅಕ್ಟೋಬರ್ 17ರಂದು ಅನುಮಾನ ಹರಿಯಿತು. ಈ ಸಲ ಬ್ಯಾಟರಿಯೇ ಇರಲಿಲ್ಲ. ಕಾಗದದ ಕೊಳವೆಗೆ ಸುತ್ತಿದ ಸುರುಳಿಯೊಳಕ್ಕೆ ಆಯಸ್ಕಾಂತದ ಸರಳನ್ನು ಸರಕ್ಕನೆ ನುಗ್ಗಿಸಿದ, ಮುಳ್ಳು ಹೊರಳಿತು. ಸರಳು ಒಳಗೇ ಇದ್ದಾಗ ಏನೂ ಇಲ್ಲ. ಹೊರಗೆಳೆದಾಗ ಮುಳ್ಳು ವಿರುದ್ಧ ದಿಕ್ಕಿಗೆ ಹೊರಳಿತು. ಆಯಸ್ಕಾಂತ ಇದ್ದರಷ್ಟೇ ಸಾಲದು. ಸುರುಳಿಯ ಮೂಲಕ ಹಾಯುವ ಕಾಂತಪ್ರಭಾವ ಹೆಚ್ಚುತ್ತಲೋ ಕಡಿಮೆಯಾಗುತ್ತಲೋ ಇರಬೇಕು. ಬದಲಾವಣೆ ನಿಂತೊಡನೆ ವಿದ್ಯುತ್ತೂ ನಿಲ್ಲುತ್ತದೆ. ಬದಲಾವಣೆ ಎಷ್ಟು ಬೇಗವೋ ವಿದ್ಯುತ್ತು ಅಷ್ಟು ಜೋರು. ಇದನ್ನೇ ವಿದ್ಯುತ್ಕಾಂತೀಯ ಪ್ರೇರಣೆ ಎನ್ನುತ್ತೇವೆ.

ಹಾಗಾದರೆ ವಿದ್ಯುತ್ ನಿಲ್ಲದಿರಬೇಕಾದರೆ ಚಲನೆಯೂ ನಿಲ್ಲಬಾರದು. ಅಕ್ಟೋಬರ್ 28ರಂದು ದೊಡ್ಡ ಆಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ಅದರ ಅಂಚು ಮತ್ತು ನಡುವಿನಿಂದ ಎಡೆಬಿಡದ ವಿದ್ಯುತ್ತನ್ನು ಪಡೆದ. ಜಗತ್ತಿನ ಮೊದಲ ಜನರೇಟರ್ ಅದು. ನವೆಂಬರ್ 24ರಂದು ಈ ಸಂಶೋಧನೆಯನ್ನು ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಅಮೆರಿಕದಲ್ಲಿ ಜೋಸೆಫ್ ಹೆನ್ರಿಯೂ ತನ್ನಷ್ಟಕ್ಕೆ ಇದೇ ಸತ್ಯವನ್ನು ಕಂಡಿದ್ದ. ಮೊದಲು ಪ್ರಕಟಿಸಿದವನು ಫ್ಯಾರಡೆ.

ತಿರುಗಿಸುವ ಕೈಯ ಜಾಗಕ್ಕೆ ಮುಂದೆ ಉಗಿ ಬಂತು, ಬೀಳುವ ನೀರು ಬಂತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ತಿರುಗಿಸಿದ ಜನರೇಟರುಗಳಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇದೇ ನಿಯಮದಿಂದ. ಆ ಕಬ್ಬಿಣದ ಬಳೆಯೋ, ಇಂದಿನ ಟ್ರಾನ್ಸ್‌ಫಾರ್ಮರಿನ ಮೂಲರೂಪ. ಬೀದಿಯ ಟ್ರಾನ್ಸ್‌ಫಾರ್ಮರಿಗೆ ಬ್ಯಾಟರಿಯ ಒಂದೇ ಸಮನಾದ ವಿದ್ಯುತ್ ಕೊಟ್ಟರೆ ಅದೂ ಒಮ್ಮೆ ಮಿಡಿದು ಸುಮ್ಮನಾಗುತ್ತದೆ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವುದರಿಂದಲೇ ಅದು ಕೆಲಸ ಮಾಡುತ್ತದೆ. ಫ್ಯಾರಡೆಗೆ ನಿರಾಸೆ ತರಬಹುದಾಗಿದ್ದ ಮಿಡಿತದ ಆ ಅಲ್ಪಾಯುಷ್ಯವೇ ನಿಸರ್ಗದ ನಿಯಮವಾಗಿತ್ತು. ಅದನ್ನು ಒಪ್ಪಿಕೊಂಡು ನಾವು ಬದಲಾವಣೆಯನ್ನೇ ನಿರಂತರಗೊಳಿಸಿದ್ದೇವೆ.