ಬೆಳ್ಳಗಿರುವುದೆಲ್ಲ ಚಾರ್ಜರಲ್ಲ

ಕಿದ್ವಾಯಿ ನಗರದ ನಾವು ಐ. ಎನ್. ಎ. ಮಾರ್ಕೆಟ್ಟಿಗೆ ಹೋದರೆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಳ್ಳುವವರಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ, ಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡುತ್ತೇವೆ. ಆದರೆ ಸರೋಜಿನಿ ನಗರದ ಕಾಲುದಾರಿಯಲ್ಲಿ ಮೊಬೈಲ್ ಚಾರ್ಜರು ಕೊಳ್ಳುವಾಗ ಮಾತ್ರ ನಮ್ಮಲ್ಲಿ ಹಲವರು "ಕಿತನೇ ಕಾ ಹೈ?" ಎಂಬ ಒಂದೇ ಪ್ರಶ್ನೆಯಲ್ಲಿ ಪರೀಕ್ಷೆಯನ್ನು ಮುಗಿಸಿಬಿಡುತ್ತಾರೆ.

ಬಲಿತ ಬೆಂಡೆಕಾಯಿಯಿಂದ ಒಂದು ಹೊತ್ತಿನ ಪಲ್ಯ ಕೆಟ್ಟೀತು, ಅಷ್ಟೆ. ಕೆಟ್ಟ ಚಾರ್ಜರಿನ ಸಂಗತಿ ಹಾಗಲ್ಲ. ಊರಿನಲ್ಲಿರುವ ತಾಯಿತಂದೆಗಳ ದನಿ ನಮಗೆ ಕೇಳುವುದು ಫೋನಿನಲ್ಲೇ. ಮಕ್ಕಳು ಅದನ್ನೇ ಹಾಸಿಗೆಗೆ ಒಯ್ಯುತ್ತಾರೆ. ಎಷ್ಟೋ ಮನೆಗಳಲ್ಲಿ ರಾತ್ರಿಯೆಲ್ಲ ಅದು ತಲೆದಿಂಬಿನ ಪಕ್ಕದಲ್ಲಿ ಗೋಡೆಯ ವಿದ್ಯುತ್ತಿಗೆ ಕಟ್ಟಿಕೊಂಡಿರುತ್ತದೆ. ಹೀಗಿರುವಾಗ ಆ ಪುಟ್ಟ ಬಿಳಿಯ ಡಬ್ಬಿಯನ್ನು ಪರೀಕ್ಷಿಸುವ ಬಗೆಯನ್ನು ಮನೆಯವರೆಲ್ಲರೂ ಅಷ್ಟಿಷ್ಟು ತಿಳಿದಿರುವುದು ಒಳ್ಳೆಯದು. ನಾವು ಎಂಜಿನಿಯರುಗಳಲ್ಲ, ಕಡತ ನೋಡುವವರು. ಆದರೆ ಕಡತ ನೋಡುವವರಿಗೆ ಒಂದು ಅಭ್ಯಾಸವಿರುತ್ತದೆ: ಮೊಹರು ಕಂಡ ಮಾತ್ರಕ್ಕೆ ಒಪ್ಪದೆ ನಂಬರನ್ನು ತಾಳೆ ನೋಡುವುದು. ಇಲ್ಲಿಯೂ ಬಹುಪಾಲು ಅದೇ ಸಾಕು.

ಮೊದಲು ಒಳಗಿನ ವಿಚಾರ. ಗೋಡೆಯ 230 ವೋಲ್ಟ್ ವಿದ್ಯುತ್ತು ಚಾರ್ಜರಿನೊಳಗೆ ಹೊಕ್ಕು ಏಕಮುಖವಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಫೋನಿಗೆ ಬರಬೇಕಾದದ್ದು 5 ಅಥವಾ 9 ವೋಲ್ಟ್. ಇವೆರಡರ ನಡುವೆ ಇರುವ ಗೋಡೆಯೆಂದರೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರು, ಮತ್ತು ಹಲಗೆಯ ಮೇಲೆ ಬಿಟ್ಟಿರುವ ಸುಮಾರು 5 ಮಿಲಿಮೀಟರಿನಷ್ಟು ಖಾಲಿ ಜಾಗ. ಒಳ್ಳೆಯ ತಯಾರಕ ಈ ಜಾಗವನ್ನು ಬಿಡುತ್ತಾನೆ, ಸುರುಳಿಗಳ ನಡುವೆ ಪದರ ಪದರವಾಗಿ ಟೇಪು ಸುತ್ತುತ್ತಾನೆ. ಅಗ್ಗದವನು ಎರಡರಲ್ಲೂ ಉಳಿತಾಯ ಮಾಡುತ್ತಾನೆ. 2016ರಲ್ಲಿ ಇಂಗ್ಲೆಂಡಿನ ವಾಣಿಜ್ಯ ಮಾನಕ ಸಂಸ್ಥೆಯವರು ನಾನಾ ದೇಶಗಳಿಂದ ತರಿಸಿದ 400 ನಕಲಿ ಆಪಲ್ ಚಾರ್ಜರುಗಳನ್ನು ಪರೀಕ್ಷೆಗೆ ಒಡ್ಡಿದರು. ವಿದ್ಯುತ್ತನ್ನು ತಡೆಯುವಷ್ಟು ಭದ್ರವಾದ ಕವಚವಿದ್ದದ್ದು ಅವುಗಳಲ್ಲಿ ಕೇವಲ ಮೂರಕ್ಕೆ! ಉಳಿದ 397 ಕೂಡ ಹೊರಗಿನಿಂದ ನೋಡಲು ಅಚ್ಚುಕಟ್ಟಾಗಿಯೇ ಇದ್ದಿರಬೇಕು.

ಒಳಗನ್ನು ಒಡೆದು ನೋಡಿ ಕೊಳ್ಳುವಂತಿಲ್ಲವಷ್ಟೆ. ಅದಕ್ಕಾಗಿಯೇ ಸರಕಾರ ಒಂದು ವ್ಯವಸ್ಥೆ ಮಾಡಿದೆ. 2012ರಲ್ಲಿ ಹೊರಟು 2013ರ ಜುಲೈಯಿಂದ ಜಾರಿಗೆ ಬಂದ ಕಡ್ಡಾಯ ನೋಂದಣಿ ಆಜ್ಞೆಯ ಪಟ್ಟಿಗೆ ಅಡಾಪ್ಟರುಗಳು ಬಳಿಕ ಸೇರಿದುವು. ಮೊಬೈಲು, ಅದರ ಬ್ಯಾಟರಿ, ಪವರ್ ಬ್ಯಾಂಕುಗಳೂ ಹಾಗೆಯೇ ಸೇರಿದುವು. ಇವನ್ನು ನೋಡಿಕೊಳ್ಳುವುದು ನಮ್ಮ ದಿಲ್ಲಿಯ ಬಹಾದುರ್ ಶಾ ಜಫರ್ ಮಾರ್ಗದ ಮಾನಕ ಭವನದಲ್ಲಿರುವ ಭಾರತೀಯ ಮಾನಕ ಬ್ಯೂರೋ. ಚಾರ್ಜರಿನ ಮೇಲೆ ಬ್ಯೂರೋದ ಗುರುತು, ಅದರ ಮೇಲುಗಡೆ ಮಾನಕದ ಸಂಖ್ಯೆ (ಬಹುಮಟ್ಟಿಗೆ ಐ. ಎಸ್. 13252), ಕೆಳಗಡೆ 'ಆರ್' ಅಕ್ಷರ ಹಾಗೂ 8 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಬ್ಯಾಟರಿಗಾದರೆ ಐ. ಎಸ್. 16046.

ಗುರುತನ್ನು ಅಚ್ಚುಹಾಕುವುದು ಯಾರಿಂದಲೂ ಆದೀತು. ಆದ್ದರಿಂದ 'ಬಿ. ಐ. ಎಸ್. ಕೇರ್' ಎಂಬ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನೋಡಬೇಕು. ತಯಾರಕನ ಹೆಸರು, ವಿಳಾಸ, ಯಾವ ವಸ್ತು, ನೋಂದಣಿ ಜೀವಂತವಿದೆಯೇ, ಎಲ್ಲವೂ ತೆರೆದುಕೊಳ್ಳುತ್ತದೆ. ಚಾರ್ಜರಿನ ಮೇಲಿರುವ ನಂಬರು ಇನ್ನಾವುದೋ ಕಾರ್ಖಾನೆಯ ಕೀಬೋರ್ಡಿನದಾಗಿದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಮುಂದೆ ಸಾಗುವುದು. ಒಂದು ಮಾತು ನೆನಪಿರಲಿ: ಈ ನೋಂದಣಿ ಸುರಕ್ಷತೆಯ ಪರೀಕ್ಷೆಗೆ ಸಂಬಂಧಿಸಿದ್ದು, ಬಾಳಿಕೆಗೆ ಜಾಮೀನಲ್ಲ.

ಬಾಳಿಕೆಗೆ ಕಣ್ಣು, ಕೈಗಳೇ ಸಾಕ್ಷಿ. ಲೇಬಲಿನಲ್ಲಿ ಒಳಬರುವ ವಿದ್ಯುತ್ತು 100–240 ವೋಲ್ಟ್, ಹೊರಹೋಗುವುದು ಇಷ್ಟು ವೋಲ್ಟ್ ಇಷ್ಟು ಆಂಪೇರ್ ಎಂದು ಸ್ಪಷ್ಟವಾಗಿರಬೇಕು. ಚೌಕದೊಳಗೊಂದು ಚೌಕದ ಚಿಹ್ನೆ ಇದ್ದರೆ ಇಮ್ಮಡಿ ಕವಚವೆಂದು ಅರ್ಥ. ಕಾಗುಣಿತ ತಪ್ಪಿದ ಲೇಬಲನ್ನು ನಂಬಬೇಡಿ. ತೀರ ಹಗುರವಾದದ್ದನ್ನು ಅನುಮಾನಿಸಿ. ಆದರೆ ಭಾರವಾಗಿದೆಯೆಂದು ಮೆಚ್ಚಿಕೊಳ್ಳಲೂಬೇಡಿ, ತೂಕಕ್ಕೆ ಒಳಗೆ ಕಬ್ಬಿಣದ ತುಂಡಿಡುವ ಮಹಾನುಭಾವರೂ ಇದ್ದಾರೆ. ಪಿನ್ನುಗಳನ್ನು ನೋಡಿ. ಯೂರೋಪಿನ ಮಾದರಿಯವು 4 ಮಿಲಿಮೀಟರ್ ದಪ್ಪ. ನಮ್ಮ 6 ಆಂಪೇರ್ ಸಾಕೆಟ್ಟು ಸುಮಾರು 5 ಮಿಲಿಮೀಟರ್ ಪಿನ್ನಿಗಾಗಿ ಮಾಡಿದ್ದು. ಸಡಿಲವಾಗಿ ಕೂತ ಪಿನ್ನು ಕಿಡಿ ಹಾರಿಸುತ್ತದೆ, ಕಿಡಿಯಿಂದ ಸಾಕೆಟ್ಟು ಕರಗುತ್ತದೆ.

ಲೋಹದ ಮೈಯ ಫೋನು, ಲ್ಯಾಪ್‌ಟಾಪುಗಳನ್ನು ಚಾರ್ಜಿಗೆ ಹಾಕಿ ಮುಟ್ಟಿದಾಗ ಸಣ್ಣಗೆ ಜುಮ್ಮೆನ್ನುವುದುಂಟು. ಒಳ್ಳೆಯ ಚಾರ್ಜರಿನಲ್ಲೂ ಇದು ಸಹಜ. ಗದ್ದಲ ತಡೆಯಲು ಹಾಕಿದ ಒಂದು ವಿಶೇಷ ಕೆಪ್ಯಾಸಿಟರಿನ ಮೂಲಕ ಅತ್ಯಲ್ಪ ವಿದ್ಯುತ್ತು ಸೋರುತ್ತದೆ. ಆ ಸ್ಥಾನದಲ್ಲಿ ಸಾಮಾನ್ಯದ್ದನ್ನು ಹಾಕಿದ್ದರೆ ಅದು ಸುಟ್ಟು ಕೂಡಿಕೊಂಡ ದಿನ ಗೋಡೆಯ ವಿದ್ಯುತ್ತೇ ಕೈಗೆ ಬರುತ್ತದೆ. ಆದ್ದರಿಂದ ಜುಮ್ಮೆನ್ನುವುದು ಹೊಡೆತವಾಗಿ ಮಾರ್ಪಟ್ಟರೆ ಆ ಚಾರ್ಜರನ್ನು ಅಂದೇ ಬಿಡಬೇಕು.

ಇನ್ನು ಕೇಬಲು. "ಚಾರ್ಜರು ಹೊಸದು, ಆದರೂ ಫೋನು ತುಂಬುವುದಿಲ್ಲ" ಎಂಬ ದೂರಿಗೆ ಬಹಳ ಸಲ ತಂತಿಯೇ ಕಾರಣ. 28 ಗೇಜಿನ ಸಪುರ ತಾಮ್ರದ ತಂತಿ 1 ಮೀಟರ್ ಉದ್ದವಿದ್ದು 2 ಆಂಪೇರ್ ಹರಿದರೆ ಹೋಗಿಬರುವ ದಾರಿಯಲ್ಲೇ ಸುಮಾರು 0.85 ವೋಲ್ಟ್ ಕಳೆದುಹೋಗುತ್ತದೆ. 5 ವೋಲ್ಟ್ ಹೊರಟದ್ದು ಫೋನಿಗೆ 4.15 ಆಗಿ ಮುಟ್ಟುತ್ತದೆ. 24 ಗೇಜಿನ ತಂತಿಯಲ್ಲಿ ನಷ್ಟ 0.34 ಮಾತ್ರ. (ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ಸಪುರ.) ಒಳ್ಳೆಯ ಕೇಬಲುಗಳ ಮೈಮೇಲೆ ಅನೇಕ ಸಲ ಈ ಅಂಕಿ ಅಚ್ಚಾಗಿರುತ್ತದೆ. ಸಿ ಮಾದರಿಯ ಕೇಬಲಿನಲ್ಲಿ 3 ಆಂಪೇರಿಗಿಂತ ಹೆಚ್ಚು ಹರಿಯಬೇಕಾದರೆ ತುದಿಯೊಳಗೆ ಒಂದು ಗುರುತಿನ ಚಿಪ್ಪು ಇರಲೇಬೇಕು. ಕೇಬಲೇನು ಮಹಾ ಎನ್ನುವಂತಿಲ್ಲ: ಕೇಬಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಗೂಗಲ್ ಕಂಪನಿಯ ಎಂಜಿನಿಯರ್ ಬೆನ್ಸನ್ ಲಿಯುಂಗ್ ಅವರ ಲ್ಯಾಪ್‌ಟಾಪನ್ನೇ 2016ರ ಫೆಬ್ರವರಿಯಲ್ಲಿ ತಂತಿ ತಪ್ಪಾಗಿ ಜೋಡಿಸಿದ ಒಂದು ಕೇಬಲು ಕೆಡಿಸಿಬಿಟ್ಟಿತು.

ಬ್ಯಾಟರಿ ಬದಲಾಯಿಸುವಾಗ ದೊಡ್ಡ ಅಂಕಿಗೆ ಮರುಳಾಗಬಾರದು. ಟಾರ್ಚು, ಪವರ್ ಬ್ಯಾಂಕುಗಳಲ್ಲಿ ಬಳಸುವ 18650 ಎಂಬ ಉರುಟು ಸೆಲ್ಲಿನಲ್ಲಿ ಹೆಸರಾಂತ ತಯಾರಕರು ಕೊಡುವುದು ಸುಮಾರು 3500 ಮಿಲಿಆಂಪೇರ್-ಗಂಟೆ. ತೂಕ 45ರಿಂದ 50 ಗ್ರಾಂ. ಅದೇ ಗಾತ್ರದ ಸೆಲ್ಲಿನ ಮೇಲೆ 9900 ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಫೋನಿನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿದೆಯೆಂದು ತಿಳಿದು ಕೂಡಲೇ ಬಳಕೆ ನಿಲ್ಲಿಸಬೇಕು; ಒತ್ತುವುದು, ಚುಚ್ಚುವುದು ಬೇಡ.

ಮಾತು ಬಂದಾಗ ಫ್ಯಾನಿನ ಕಂಡೆನ್ಸರನ್ನೂ ಹೇಳಿಬಿಡೋಣ. ಜೇಷ್ಠದ ಬಿಸಿಲಿನಲ್ಲಿ ಫ್ಯಾನು ಮೆಲ್ಲಗಾದರೆ ಬಹಳ ಸಲ ಕೆಟ್ಟಿರುವುದು ಮೋಟಾರಲ್ಲ, ಈ ಸಣ್ಣ ಬಿಡಿಭಾಗ. ಹಳೆಯದರ ಮೇಲೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದಿದ್ದರೆ ಹೊಸದೂ ಅಷ್ಟೇ ಇರಬೇಕು, ಐ. ಎಸ್. 1709ರ ಗುರುತಿದ್ದರೆ ಮೇಲು. ಚಾರ್ಜರು, ಟಿ. ವಿ.ಗಳೊಳಗಿನ ದುಂಡು ಕೆಪ್ಯಾಸಿಟರುಗಳನ್ನು ರಿಪೇರಿಯವನು ಬದಲಿಸುವಾಗ 85 ಡಿಗ್ರಿಯದರ ಬದಲು 105 ಡಿಗ್ರಿಯದು ಹಾಕೆಂದು ಕೇಳಿ. ಶಾಖ 10 ಡಿಗ್ರಿ ಇಳಿದರೆ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಬಲ್ಲವರ ಲೆಕ್ಕ. ದಿಲ್ಲಿಯ ಸೆಕೆಗೆ ಇದು ತಕ್ಕ ಮಾತು.

ಎಲ್ಲಿ ಕೊಳ್ಳಬೇಕು? ನೆಹರೂ ಪ್ಲೇಸ್, ಕರೋಲ್ ಬಾಗಿನ ಗಫ್ಫಾರ್ ಮಾರ್ಕೆಟ್, ಕೆಂಪುಕೋಟೆಯೆದುರಿನ ಲಾಜಪತ್ ರಾಯ್ ಮಾರ್ಕೆಟ್, ಅಥವಾ ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್. ಪಿ. ರಸ್ತೆ, ಎಲ್ಲೆಡೆಯೂ ಅಸಲಿ ನಕಲಿ ಎರಡೂ ಒಂದೇ ಹಲಗೆಯ ಮೇಲೆ ಕುಳಿತಿರಬಹುದು. ಬಿಲ್ಲು ಕೊಡುವವನಲ್ಲಿ ಕೊಳ್ಳುವುದೇ ಸೂತ್ರ. ಬಿಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮ್ಮ ಬೆನ್ನಿಗಿದೆ, 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. ಇಲ್ಲದಿದ್ದರೆ ದೂರನ್ನು ಸಾಧಿಸುವುದು ಕಷ್ಟ.

ಈ ಭಾನುವಾರ ಬಿಡುವಾದಾಗ ಮನೆಯಲ್ಲಿರುವ ಚಾರ್ಜರುಗಳನ್ನೆಲ್ಲ ಒಂದು ಕಡೆ ಹರಡಿ, ಮಕ್ಕಳನ್ನು ಕೂರಿಸಿಕೊಂಡು ಒಂದೊಂದರ ನಂಬರನ್ನೂ ತಾಳೆ ನೋಡಿರಿ. ಕಪ್ಪಾದ ಪಿನ್ನು, ಸೀದ ವಾಸನೆ, ಬಿರಿದ ಕವಚ, ಸುಲಿದ ತಂತಿ ಇದ್ದವನ್ನು ಬೇರೆ ತೆಗೆದು ಇ-ಕಸ ಕೊಳ್ಳುವವರಿಗೆ ಒಪ್ಪಿಸಿರಿ. ಪಾಪ, ಇನ್ನೂ ನಡೆಯುತ್ತದೆಯೆಂದು ಕೆಲಸದಾಕೆಗೆ ಕೊಡಬೇಡಿ. ಅವಳ ಮನೆಯಲ್ಲೂ ಮಕ್ಕಳು ಮಲಗುತ್ತಾರೆ.